ಮೊದಲು ಬಾಗಿಲನ್ನು ತೂಗು

ಪ್ರೀತಿಯ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳುಹಿಸಿದ ಫೋಟೊ ನೋಡಿದೆ. ಕಪ್ಪು ಬೆಂಟ್ಲಿ ಕಾಂಟಿನೆಂಟಲ್ ಜಿಟಿ, ಎರಡೂ ಬಾಗಿಲು ಆಕಾಶಕ್ಕೆ ಎದ್ದು ನಿಂತಿವೆ. ಕೆಳಗೆ ನಿನ್ನ ಎರಡೇ ಸಾಲು: "ಮಾವ, ನನ್ನದಕ್ಕೂ ಹೀಗೇ ಮಾಡಿಸಲೇ? ಇಕ್ಕಟ್ಟಿನ ಜಾಗದಲ್ಲಿ ನಿಲ್ಲಿಸಲೂ ಅನುಕೂಲ." ಬೇಡ ಎಂದು ಒಂದೇ ಪದದಲ್ಲಿ ಉತ್ತರಿಸಬಹುದಿತ್ತು. ಆದರೆ ನಿನ್ನ ವಯಸ್ಸಿನಲ್ಲಿ ನನಗೆ ಯಾರಾದರೂ ಹಾಗೆ ಬರೆದಿದ್ದರೆ ಬಾಗಿಲನ್ನು ಮೇಲಕ್ಕೇಳಿಸುವ ಹಿಂಜ್‌ಗಳ ಕಿಟ್ ಅನ್ನು ಮರುದಿನವೇ ತರಿಸಿಬಿಡುತ್ತಿದ್ದೆ. ಮೂವತ್ತು ವರ್ಷ ತಗಡು ಬಡಿದವನು ನಾನು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ತಾಳ್ಮೆಯಿಂದ ಓದು.

ಈ ಬಾಗಿಲು ಹುಟ್ಟಿದ್ದು ಬೇರೆಯದೇ ಜಾತಿಯ ಕಾರಿಗೆ. 1968ರಲ್ಲಿ ಇಟಲಿಯ ಕಾರು ವಿನ್ಯಾಸದ ಬರ್ಟೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ ಆಲ್ಫಾ ರೋಮಿಯೊ ಕರಾಬೊ ಎಂಬ ಪ್ರದರ್ಶನದ ಕಾರಿಗೆ ಕತ್ತರಿಯಂತೆ ಏಳುವ ಬಾಗಿಲು ಕೊಟ್ಟರು. 1971ರಲ್ಲಿ ಜಿನೀವಾದಲ್ಲಿ ತೋರಿಸಿದ ಲ್ಯಾಂಬೋರ್ಗಿನಿ ಕೌಂಟಾಶ್ ಮಾದರಿಗೂ ಅವರದೇ ವಿನ್ಯಾಸ, ಅದೇ ಬಾಗಿಲು. ಕೌಂಟಾಶ್ ಗಿಡ್ಡ, ಅಗಲ, ಹಿಂಬದಿಯಂತೂ ಕಾಣುವುದೇ ಇಲ್ಲ. ರಿವರ್ಸ್ ತೆಗೆಯಬೇಕಾದರೆ ಬಾಗಿಲೆತ್ತಿ, ಹೊಸ್ತಿಲಿನ ಮೇಲೆ ಕುಳಿತು, ಕತ್ತು ಹೊರಳಿಸಿ ನೋಡುತ್ತಿದ್ದರು. ಅಲ್ಲಿ ಆ ಬಾಗಿಲಿಗೆ ಮಾಡಲು ಒಂದು ಕೆಲಸವಿತ್ತು. ಅದನ್ನು ಹೊರುವ ಕಂಬವನ್ನೂ, ಅಂದರೆ ಹಿಂಜ್ ಕೂರುವ ಬಾಡಿಯ ಭಾಗವನ್ನೂ, ಬಾಗಿಲಿನ ಜೊತೆಗೇ ಲೆಕ್ಕ ಹಾಕಿ ಕಟ್ಟಿದ್ದರು.

ನಿನ್ನದೂ ಫೋಟೊದಲ್ಲಿರುವಂಥದ್ದೇ ಗಾಡಿ, ತೂಕ ಎರಡು ಟನ್ ಮೀರುತ್ತದೆ. ಎರಡೇ ಬಾಗಿಲಾದ್ದರಿಂದ ಒಂದೊಂದೂ ಉದ್ದ. ಒಳಗೆ ದಪ್ಪ ಗಾಜು, ಅದನ್ನು ಏರಿಸಿ ಇಳಿಸುವ ಮೋಟಾರು, ಅಪಘಾತದ ಪೆಟ್ಟು ತಡೆಯುವ ಉಕ್ಕಿನ ತೊಲೆ, ಸ್ಪೀಕರು, ಚರ್ಮದ ಹೊದಿಕೆ. ಬರೀ 45 ಕಿಲೋ ಎಂದಿಟ್ಟುಕೊಳ್ಳೋಣ, ಭಾರದ ಕೇಂದ್ರ ಹಿಂಜ್‌ನಿಂದ 65 ಸೆಂಟಿಮೀಟರ್ ದೂರ. ಈಗ ಬಾಗಿಲು ಪಕ್ಕಕ್ಕೆ ತೆರೆಯುವಾಗ ಈ ಭಾರವನ್ನು ನೀನು ಎತ್ತುವುದೇ ಇಲ್ಲ, ಬರೀ ತಿರುಗಿಸುತ್ತೀಯೆ. ಮೇಲಕ್ಕೆ ಏಳಿಸಿದೆಯೆಂದರೆ ಅಷ್ಟನ್ನೂ ಗ್ಯಾಸ್ ಶಾಕ್, ಅಂದರೆ ಅನಿಲ ತುಂಬಿದ ತಳ್ಳುಕೊಳವೆ, ಎತ್ತಬೇಕು. ಆ ಶಾಕ್ ಕೂರುವುದು ಹಿಂಜ್‌ಗೆ ಅಂಟಿಕೊಂಡು; ಅದಕ್ಕೆ ಸಿಗುವ ಸನ್ನೆಕೋಲಿನ ಉದ್ದ 8 ಸೆಂಟಿಮೀಟರ್ ಎಂದರೆ, ಬಾಗಿಲು ಏಳಲು ತೊಡಗುವ ಹೊತ್ತಿಗೆ ಅದು ತಳ್ಳಬೇಕಾದದ್ದು ಸುಮಾರು 365 ಕಿಲೋ ಭಾರದಷ್ಟು ಬಲ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ನಾನೂ ಒಮ್ಮೆ ಇದರಲ್ಲಿ ಕೈ ಸುಟ್ಟುಕೊಂಡಿದ್ದೇನೆ. ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ನಿನ್ನದರಂಥದ್ದೇ ಭಾರದ, ಎರಡು ಬಾಗಿಲಿನ ಕೂಪೆ ಕಾರೊಂದಕ್ಕೆ ಕಿಟ್ ಜೋಡಿಸಿದೆ. ಸುಡು ಬಿಸಿಲಿನಲ್ಲಿ ಮಾಡಿದ ಕೆಲಸ. ಬಾಗಿಲು ಗರಿಯಂತೆ ಎದ್ದಿತು, ನಿಂತಿತು, ಮಾಲೀಕ ಹತ್ತು ಸಲ ತೆಗೆದು ಹಾಕಿ ಸಂತೋಷಪಟ್ಟ. ಕೆಲವು ತಿಂಗಳ ಮೇಲೆ ಚಳಿಗಾಲದ ಒಂದು ಬೆಳಗ್ಗೆ ಅದೇ ಗಾಡಿ ಬಂತು. ವೈರು ನೋಡೋಣವೆಂದು ಬಾಗಿಲೆತ್ತಿ ತಲೆ ಒಳಗಿಟ್ಟೆ. ಮೆಲ್ಲಗೆ "ಸುಸ್" ಎಂಬ ಸದ್ದು. ತಲೆ ಎತ್ತುವಷ್ಟರಲ್ಲಿ ಬಾಗಿಲಿನ ಕೆಳಅಂಚು ಭುಜದ ಮೇಲಿತ್ತು. ಆಮೇಲೆ ಲೆಕ್ಕ ಹಾಕಿದೆ: ಮುಚ್ಚಿದ ಅನಿಲದ ಒತ್ತಡ ತಾಪಮಾನದ ಜೊತೆಗೇ ಇಳಿಯುತ್ತದೆ, 35 ಡಿಗ್ರಿಯಿಂದ 5 ಡಿಗ್ರಿಗೆ ಬಂದರೆ ಹತ್ತನೇ ಒಂದು ಪಾಲು ಬಲ ಹೋಯಿತು. ಅದರ ಮೇಲೆ ಸೀಲಿನಿಂದ ನಿಧಾನವಾಗಿ ಸೋರುವುದು ಬೇರೆ. ಬಿಸಿಲಿನಲ್ಲಿ ಅಂಚಿಗೆ ಸರಿಹೊಂದಿಸಿದ ಶಾಕ್ ಚಳಿಯಲ್ಲಿ ಸಾಲದು. ಚಳಿಗೆ ಸರಿಹೊಂದಿಸಿದರೆ ಬಿಸಿಲಿನಲ್ಲಿ ಕೆಳಕ್ಕೆಳೆಯಲು ನೇತಾಡಬೇಕಾಗುತ್ತದೆ. ಆ ಭುಜ ಈಗಲೂ ಚಳಿಗಾಲ ಬಂದ ಸುದ್ದಿಯನ್ನು ನನಗೆ ಮೊದಲೇ ಹೇಳುತ್ತದೆ.

ಅದೇ ಗಾಡಿಯಲ್ಲಿ ಕಂಡ ಇನ್ನೊಂದನ್ನು ಹೇಳಲೇಬೇಕು. ಬಾಗಿಲಿನ ಮುಂಭಾಗದ ಅಂಚಿನಲ್ಲಿ, ಮುಂಚಕ್ರದ ಮೇಲಿನ ತಗಡು ಫೆಂಡರ್‌ಗೆ ತಾಗುವ ಕಡೆ, ಉಗುರಿನ ಅಗಲಕ್ಕೆ ಬಣ್ಣ ಎದ್ದಿತ್ತು. ಜೋಡಿಸಿದ ದಿನ ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿದ್ದ ಗ್ಯಾಪ್, ಈಗ ಮೇಲೆ ಅಗಲ, ಕೆಳಗೆ ಕಿರಿದು. ಬಾಗಿಲಿನ ಹಿಂದಿನ ತುದಿ ಎರಡು ಮಿಲಿಮೀಟರ್ ಇಳಿದಿತ್ತು. ಎರಡೇ ಮಿಲಿಮೀಟರ್! ಆದರೆ ಆ ಕಾರಿನ ಲಾಕು ತಾನಾಗಿಯೇ ಬಾಗಿಲನ್ನು ಎಳೆದುಕೊಂಡು ಮುಚ್ಚುವಂಥದ್ದು. ಕೊಂಡಿ ನೇರಕ್ಕೆ ಸಿಗದೆ ಅದರ ಮೋಟಾರು ಗೊರಗೊರ ಎನ್ನುತ್ತಿತ್ತು. ಚೌಕಟ್ಟಿಲ್ಲದ ಗಾಜು ರಬ್ಬರ್ ಬೀಡಿಂಗ್ ಮೇಲೆ ಸರಿಯಾಗಿ ಕೂರದೆ, ವೇಗ ಹೆಚ್ಚಿದಂತೆ ಗಾಳಿ ಶಿಳ್ಳೆ ಹಾಕುತ್ತಿತ್ತು. ಬಿಚ್ಚಿ ನೋಡಿದರೆ ಬೋಲ್ಟ್ ಒಂದೂ ಸಡಿಲವಾಗಿರಲಿಲ್ಲ. ಕಿಟ್‌ನ ಉಕ್ಕಿನ ತಟ್ಟೆಯೂ ಗಟ್ಟಿಯಾಗಿಯೇ ಇತ್ತು. ಮಣಿದದ್ದು ಅದರ ಹಿಂದಿನ ಕಂಬದ ತಗಡು.

ಎಲ್ಲರೂ ಕಿಟ್ ಗಟ್ಟಿಯೇ ಎಂದು ಕೇಳುತ್ತಾರೆ, ಅದನ್ನು ಹಿಡಿದಿರುವ ಕಂಬವನ್ನು ಯಾರೂ ಕೇಳುವುದಿಲ್ಲ. ಮೊದಲು ಬಾಗಿಲು ಮೇಲೊಂದು ಕೆಳಗೊಂದು ಹಿಂಜ್‌ಗೆ ತೂಗುತ್ತಿತ್ತು; ಎರಡರ ನಡುವಿನ ಅಂತರವೇ ಅದರ ಬಲ. ಕಿಟ್ ಹಾಕಿದ ಮೇಲೆ ಭಾರವೆಲ್ಲ ಒಂದು ತಿರುಗುಗೂಟದ ಮೂಲಕ ಹಾಯುತ್ತದೆ, ಪ್ರತಿ ಸಲ ಎತ್ತಿದಾಗಲೂ ಕಂಬವನ್ನು ತಿರುಚುತ್ತದೆ. ಹಾಗಾದರೆ ಬೆಸುಗೆ ಹಾಕಿ ಗಟ್ಟಿ ಮಾಡಿಸುತ್ತೇನೆ ಎನ್ನಬೇಡ. ಇಂದಿನ ಕಾರುಗಳ ಕಂಬದಲ್ಲಿರುವ ಗಡಸು ಉಕ್ಕಿಗೆ ಬೆಸುಗೆಯ ಶಾಖ ತಾಗಿದರೆ ಆ ಜಾಗ ಮೆತ್ತಗಾಗುತ್ತದೆ. ಗಟ್ಟಿ ಮಾಡಲು ಹೋಗಿ ಮೆದು ಮಾಡಿ ಕೂರಿಸಿದ ಪೇಚು ಅದು.

ಅಪಘಾತದ ಮಾತನ್ನು ಚುಟುಕಾಗಿ ಮುಗಿಸುತ್ತೇನೆ, ನಿನಗೆ ಅದು ಬೇಸರ ಎಂದು ಗೊತ್ತು. ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 206 ನಿಯಮದಂತೆ ಬಾಗಿಲಿನ ಹಿಂಜ್‌ಗಳು ಉದ್ದಕ್ಕೆ 11,000 ನ್ಯೂಟನ್, ಅಡ್ಡಕ್ಕೆ 9,000 ನ್ಯೂಟನ್ ಎಳೆತ ತಾಳಬೇಕು. ಕಿಟ್ ಮಾರುವವನನ್ನು ಇಂಥ ಪರೀಕ್ಷೆಯ ಕಾಗದ ಕೇಳು. ಮಾತು ಬದಲಿಸಿದರೆ ಎದ್ದು ಬಾ. ಇನ್ನೊಂದು: ಮೇಲಕ್ಕೆ ತೆರೆಯುವ ಬಾಗಿಲನ್ನು ಮರ್ಸಿಡಿಸ್‌ನವರು ಎಸ್‌ಎಲ್‌ಎಸ್ ಎಎಂಜಿಗೆ ಇಟ್ಟಾಗ, ಕಾರು ಮಗುಚಿದರೆ ಬಾಗಿಲು ಕಳಚಿಕೊಳ್ಳಲೆಂದು ಹಿಂಜ್‌ಗೆ ಸಿಡಿಯುವ ಬೋಲ್ಟ್ ಇಟ್ಟರು. ನಿನ್ನ ಕಿಟ್‌ನಲ್ಲಿ ಅದು ಇರುವುದಿಲ್ಲ. ಮಗುಚಿದ ಕಾರಿಗೆ "ಮೇಲೆ" ಎಂದರೆ ನೆಲ.

ಇಕ್ಕಟ್ಟಿನ ಜಾಗದಲ್ಲಿ ನಿಲ್ಲಿಸಲು ಅನುಕೂಲ ಎಂದು ಬರೆದಿದ್ದೀಯೆ. ಅದು ನಿನ್ನ ಮನಸ್ಸು ನಿನಗೇ ಹೇಳಿಕೊಂಡ ನೆಪ. ಇಂಥ ಕಿಟ್‌ನ ಬಾಗಿಲು ಫೆಂಡರ್‌ಗೆ ಉಜ್ಜದಿರಲು ಮೊದಲು ಹೊರಗೆ ಬಂದು ಆಮೇಲೆ ಏಳಬೇಕು. ಪಕ್ಕದಲ್ಲಿ ಜಾಗ ಬೇಕೇ ಬೇಕು. ಎದ್ದ ಮೇಲೆ ಚಾವಣಿಯೂ ಎತ್ತರವಿರಬೇಕು. ಚೆಂದಕ್ಕೆ ಬೇಕು ಎಂದು ನೇರವಾಗಿ ಹೇಳು, ನನಗೇನೂ ಬೇಸರವಿಲ್ಲ. ಚೆಂದವಾಗಿಯೇ ಇದೆ. ಆದರೆ ನಿನ್ನ ಅಮ್ಮ ಆ ಸೀಟಿನಲ್ಲಿ ಕುಳಿತು, ತಲೆಯ ಮೇಲಿರುವ ಹಿಡಿಯನ್ನು ಹಿಡಿದು ಎಳೆದುಕೊಳ್ಳುವುದನ್ನು ಒಮ್ಮೆ ಕಣ್ಣಮುಂದೆ ತಂದುಕೋ. ನನ್ನ ಅಕ್ಕನ ಕೈ ಮೇಲೆತ್ತಿದರೆ ಎಷ್ಟು ದೂರ ಹೋಗುತ್ತದೆ ಎಂದು ನಿನಗಿಂತ ಚೆನ್ನಾಗಿ ನನಗೆ ಗೊತ್ತು.

ಇಷ್ಟಾದರೂ ಮಾಡಿಸುತ್ತೇನೆ ಎಂದರೆ, ನಿನ್ನ ಕಾರಿನ ಮಾದರಿಗೆಂದೇ ಮಾಡಿದ, ಬೋಲ್ಟ್‌ನಲ್ಲಿ ಕೂರುವ ಕಿಟ್ ಮಾತ್ರ ತಾ. ಎಲ್ಲ ಕಾರಿಗೂ ಆಗುತ್ತದೆ ಎನ್ನುವುದನ್ನು ಮುಟ್ಟಬೇಡ. ಬಾಗಿಲಿಗೆ ಹೋಗುವ ವೈರಿಂಗ್ ಒಂದೇ ದಿಕ್ಕಿಗೆ ಬಾಗಲು ಮಾಡಿದ್ದು. ಈಗ ತಿರುಚಿಕೊಳ್ಳುತ್ತದೆ, ಉದ್ದ ಮಾಡಿಸಬೇಕು. ಬಾಗಿಲಿನೊಳಗೆ ಏರ್‌ಬ್ಯಾಗಿಗೆ ಸಂದೇಶ ಕೊಡುವ ಒತ್ತಡದ ಸೆನ್ಸರ್ ಇದೆಯೇ ಎಂದು ನೋಡಿಸು. ಇದ್ದರೆ ಒಳತಗಡಿಗೆ ತೂತು ಕೊರೆಯಲು ಬಿಡಬೇಡ. ವಿಮೆಯವರಿಗೆ ಮೊದಲೇ ಬರೆದು ತಿಳಿಸು. ಹಳೆಯ ಹಿಂಜ್ ಬಿಚ್ಚುವ ಮುನ್ನ ಅದರ ಸುತ್ತ ಗೀಚಿ ಗುರುತು ಮಾಡಿಸು, ಬೋಲ್ಟ್, ವಾಷರ್ ಸಮೇತ ಡಬ್ಬಿಯಲ್ಲಿ ಹಾಕಿ ಮನೆಗೆ ತಾ. ಆ ಮಾಲೀಕ ಹಾಗೆ ಇಟ್ಟುಕೊಂಡಿದ್ದರಿಂದಲೇ ನಾನು ಅವನ ಬಾಗಿಲನ್ನು ಮತ್ತೆ ಮೊದಲಿನಂತೆ ಕೂರಿಸಲು ಸಾಧ್ಯವಾಯಿತು. ಫೆಂಡರಿನ ಒಳಅಂಚನ್ನು ಗ್ರೈಂಡರಿನಲ್ಲಿ ಸವರಿದ್ದೆ, ಅದು ಮಾತ್ರ ಮರಳಿ ಬರಲಿಲ್ಲ.

ಯಾವುದಕ್ಕೂ ಮುಂಗಡ ಕೊಡುವ ಮೊದಲು ಒಂದು ಬಾಗಿಲು ಬಿಚ್ಚಿಸಿ ತೂಗಿಸು, ತೂಕ ನನಗೆ ಬರೆ. 45 ಎಂದು ನಾನು ಹಿಡಿದದ್ದು ಕಡಿಮೆಯಾಯಿತು ಎಂದೇ ನನ್ನ ಅನುಮಾನ. ಬಿಚ್ಚುವ ದಿನ ಮೊದಲೇ ತಿಳಿಸಿದರೆ ನಾನೇ ಬರುತ್ತೇನೆ. ಒಂದು ಕಡೆ ಹಿಡಿಯಲು ಎಡ ಭುಜ ಇನ್ನೂ ಸರಿಯಾಗಿಯೇ ಇದೆ.

ಇಂತಿ,
ನಿನ್ನ ಮಾವ