ಭಾನುವಾರದ ಕೇಸ್ ಅಭ್ಯಾಸ: ಯೋಚಿಸಲು ಸಮಯ ಕೇಳುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕನ್ಸಲ್ಟಿಂಗ್ (ಕಂಪನಿಗಳಿಗೆ ಸಲಹೆ ಕೊಡುವ) ಕೆಲಸದ ಸಂದರ್ಶನದಲ್ಲಿ ಒಂದು ವ್ಯಾಪಾರದ ಸಮಸ್ಯೆ ಕೊಟ್ಟು ಬಿಡಿಸಲು ಹೇಳುತ್ತಾರೆ, ಅದೇ ಕೇಸ್. ಅದರ ಅಭ್ಯಾಸಕ್ಕೆ ಈ ಭಾನುವಾರ ಬೆಳಿಗ್ಗೆ 10ಕ್ಕೆ ಮಾನಸಗಂಗೋತ್ರಿ ಕಡೆ ಸೇರೋಣ. ಕೇಸ್ ಹೀಗಿದೆ: ಮಂಡ್ಯದ ಒಂದು ಆಲೆಮನೆಯ ಲಾಭ ಇಳಿದಿದೆ, ಕಾರಣ ಹುಡುಕಬೇಕು.

ಕೇಸ್ ಕೇಳಿದ ತಕ್ಷಣ ಮಾತು ಶುರು ಮಾಡಬೇಡಿ. ಮೊದಲು ಪ್ರಶ್ನೆಯನ್ನು ನಿಮ್ಮ ಮಾತಲ್ಲಿ ಹೇಳಿ, ಅನುಮಾನ ಇದ್ದರೆ ಕೇಳಿ. ಆಮೇಲೆ ನೇರವಾಗಿ, "ಒಂದು ನಿಮಿಷ ಯೋಚಿಸಿ ಹೇಳಲಾ?" ಅನ್ನಿ. ಕ್ಷಮೆ ಕೇಳುವುದು ಬೇಡ. ಇದು ಮಾಮೂಲಿ, ಮೆಕಿನ್ಸಿ, ಬಿಸಿಜಿ ಥರದ ದೊಡ್ಡ ಕನ್ಸಲ್ಟಿಂಗ್ ಕಂಪನಿಗಳಲ್ಲೂ ಯಾರೂ ಬೇಸರ ಮಾಡಿಕೊಳ್ಳಲ್ಲ. ಶುರುವಿನಲ್ಲಿ ಒಂದೆರಡು ನಿಮಿಷ ಸರಿ. ನಡುವೆ ಲೆಕ್ಕ ಅಥವಾ ಚಾರ್ಟ್ ಬಂದರೆ ಅರ್ಧ ನಿಮಿಷ ಸಾಕು. ಪ್ರತಿ ಪ್ರಶ್ನೆಗೂ ಕೇಳಿದರೆ ಮಾತ್ರ ಕಿರಿಕಿರಿ, ಅಲ್ವಾ?

ಆ ನಿಮಿಷದಲ್ಲಿ ಸುಮ್ನೆ ಸೂರು ನೋಡುತ್ತಾ ಕೂರಬೇಡಿ, ಬರೆಯಿರಿ. ಆದಾಯ ಒಂದು ಕಡೆ: ಬೆಲ್ಲದ ದರ, ಮಾರಿದ ಪ್ರಮಾಣ. ಖರ್ಚು ಇನ್ನೊಂದು ಕಡೆ: ಕಬ್ಬು, ಕೂಲಿ, ಸಾಗಣೆ. ಹತ್ತು ಟನ್ ಕಬ್ಬಿಗೆ ಸುಮಾರು ಒಂದು ಟನ್ ಬೆಲ್ಲ ಅಂತ ಇಟ್ಟುಕೊಳ್ಳಿ. ಇಳುವರಿ ಸ್ವಲ್ಪ ಕುಸಿದರೂ ಲಾಭಕ್ಕೆ ಜಾಸ್ತಿ ಪೆಟ್ಟು. ಇದನ್ನು ತುಂಬಾ ಜನ ಮರೆಯುತ್ತಾರೆ.

ವಿಡಿಯೊ ಸಂದರ್ಶನವಾದರೆ "ಹಾಳೆಯಲ್ಲಿ ಬರೆಯುತ್ತಿದ್ದೇನೆ" ಅಂತ ಹೇಳಿಬಿಡಿ. ಇಲ್ಲದಿದ್ದರೆ ನೆಟ್ ಹೋಯಿತು ಅಂದುಕೊಳ್ಳುತ್ತಾರೆ.

ಹಾಳೆ, ಪೆನ್ನು ತನ್ನಿ. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.