ದೊಡ್ಡಜ್ಜಿಯನ್ನು ಮಾತಾಡಿಸಲು ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ರಜೆಯಲ್ಲಿ ರಾಯಚೂರಿಗೆ ಹೋಗಿ ಮನೆತನದ ವಿಷಯ ಕೇಳಿ ಬರೆದುಕೊಳ್ಳುತ್ತೇನೆ ಎಂದಿದ್ದೀಯ, ತುಂಬಾ ಸಂತೋಷವಾಯಿತು. ಗಂಡಸರ ಸಾಲು ಹೇಗೋ ಸಿಗುತ್ತದೆ. ಸುಗ್ಗಿ ಮುಗಿದ ಮೇಲೆ ಬರುವ ಹೆಳವರು ಮುತ್ಯಾನ ಮುತ್ಯಾನಿಂದ ವಂಶಾವಳಿ ಹೇಳುತ್ತಾರೆ. ಹೊಲದ ಹಳೆಯ ಪಹಣಿಯಲ್ಲೂ ತಂದೆಯ ಹೆಸರು ಇರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಮನೆಗೆ ಬಂದ ಸೊಸೆಯರು ಅಲ್ಲಿ ಅಪರೂಪ. ಅವರು ಉಳಿದಿರುವುದು ಅಜ್ಜಿಯರ ನೆನಪಿನಲ್ಲಿ. ಅದಕ್ಕೇ ಮೊದಲು ದೊಡ್ಡಜ್ಜಿಯ ಹತ್ತಿರ ಹೋಗು.

ಒಬ್ಬೊಬ್ಬರನ್ನೇ ಕೇಳು. ನಾಲ್ಕು ಜನ ಕೂಡಿದರೆ ಹಿರಿಯ ಗಂಡಸರೊಬ್ಬರು ಉತ್ತರ ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಬೆಳಗಿನ ಚಹಾ, ನಾಷ್ಟಾ ಆದ ಮೇಲೆ ಮುಕ್ಕಾಲು ಗಂಟೆ ಸಾಕು. ಆಮೇಲೆ ಅವರು ದಣಿದು ಹೆಸರುಗಳನ್ನು ಬೆರೆಸುತ್ತಾರೆ. ಒಪ್ಪಿಗೆ ಪಡೆದೇ ಧ್ವನಿ ಮುದ್ರಿಸು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲ್ ಮೇಲೆ ಅವರಿಂದ ಒಂದು ಮೊಳ ದೂರದಲ್ಲಿಡು, ಫ್ಯಾನ್ ನಿಲ್ಲಿಸು. ಹಲ್ಲು ಹೋದವರ ಮಾತಿಗೆ ಫ್ಯಾನಿನ ಸದ್ದು ಬೆರೆತರೆ ಆಮೇಲೆ ಊರು ಯಾವುದು, ಹೆಸರು ಯಾವುದು ಎಂದೇ ತಿಳಿಯುವುದಿಲ್ಲ. ಅದೇ ರಾತ್ರಿ ಕಡತವನ್ನು ಇನ್ನೊಂದು ಕಡೆ ಉಳಿಸಿ, ಹೆಸರುಗಳನ್ನು ಕೈಯಲ್ಲಿ ಬರೆದಿಡು.

ಯಾವ ಇಸವಿ ಎಂದು ಕೇಳಿದರೆ ಉತ್ತರ ಬಾರದು. ಶಾಲೆಯ ದಾಖಲೆಯ ಹುಟ್ಟುದಿನವನ್ನೂ ನೆಚ್ಚಬೇಡ. ಎಷ್ಟೋ ಜನರಿಗೆ ಅದನ್ನು ಮಾಸ್ತರರೇ ಅಂದಾಜಿನಲ್ಲಿ ಬರೆದಿದ್ದಾರೆ. "ರಜಾಕಾರರ ಗಲಾಟೆಯಲ್ಲಿ ನಿನ್ನನ್ನು ಎತ್ತಿಕೊಂಡು ಓಡಾಡಿದರಾ, ನೀನೇ ನಡೆದೆಯಾ?" ಎಂದು ಕೇಳು. ರಜಾಕಾರರೆಂದರೆ ಹೈದರಾಬಾದ್ ನಿಜಾಮನ ಪರವಾಗಿದ್ದ ಸಶಸ್ತ್ರ ಪಡೆ. ಅವರ ಹಾವಳಿ ಅಡಗಿಸಿದ ಭಾರತ ಸೇನೆಯ ಪೊಲೀಸ್ ಕಾರ್ಯಾಚರಣೆ ನಡೆದದ್ದು 1948ರ ಸೆಪ್ಟೆಂಬರಿನಲ್ಲಿ. ಕಂಕುಳ ಕೂಸಾಗಿದ್ದರೆ 1946ರ ಆಸುಪಾಸಿನ ಹುಟ್ಟು. ಮುಂದಿನ ತಲೆಮಾರಿಗೆ 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ಹಿಡಿ. ಹಗಲಲ್ಲೇ ಕತ್ತಲಾದ ಆ ದಿನ ತೊಟ್ಟಿಲಲ್ಲಿ ಯಾರಿದ್ದರು, ಬಸುರಿ ಯಾರು ಎಂಬುದು ಹೆಂಗಸರಿಗೆ ಚೆನ್ನಾಗಿ ನೆನಪಿರುತ್ತದೆ.

ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಿ ಕಂಠದ ಬಳಿ ನೋಡು. ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ತಾರೀಖೂ ಕೆತ್ತಿರುತ್ತಾರೆ. ತವರು ಯಾವುದು, ಮೊದಲ ಬಾಣಂತನ ಎಲ್ಲಾಯಿತು, ಸೂಲಗಿತ್ತಿ ಯಾರು ಎಂಬ ಮಾತಿಗೆ ಅದೇ ಬಾಗಿಲು. ಮದುವೆಯಲ್ಲಿ ಹೆಸರು ಬದಲಾಯಿಸಿದ್ದರೆ ಪಾತ್ರೆಯ ಮೇಲೊಂದು, ರೇಷನ್ ಕಾರ್ಡಿನಲ್ಲೊಂದು ಹೆಸರಿರುತ್ತದೆ. ಎರಡೂ ಹೆಸರನ್ನು ಒಂದೇ ಕಡೆ ಬರೆ, ಇಲ್ಲದಿದ್ದರೆ ಒಬ್ಬಾಕೆ ಇಬ್ಬರಾಗುತ್ತಾಳೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟಾಗ ಇದರ ಉಲ್ಟಾ ಆಗುತ್ತದೆ, ಹಾಗಾಗಿ ಹೆಸರಿನ ಜೊತೆ ತಂದೆಯ ಹೆಸರೂ ಇರಲಿ. ಸೋದರಮಾವನನ್ನೇ ಮದುವೆಯಾದವರಿದ್ದರೆ ವಂಶವೃಕ್ಷದಲ್ಲಿ ಆತನನ್ನು ಎರಡು ಕಡೆ ಬರೆಯದೆ, ಆತನ ಹೆಸರಿನ ಒಂದೇ ಚೌಕದಿಂದ ಎರಡು ಗೆರೆ ಎಳೆ.

ಮಕ್ಕಳ ನಡುವೆ ನಾಲ್ಕೈದು ವರ್ಷದ ಅಂತರ ಕಂಡರೆ ಅಲ್ಲೊಂದು ಉಳಿಯದ ಕೂಸು ಇದ್ದಿರಬಹುದು. ಮೊದಲ ದಿನ ಅದನ್ನು ಕೆದಕಬೇಡ. ಅವರೇ ಹೇಳಿದರೆ ಆ ಕೂಸಿಗೂ ವಂಶವೃಕ್ಷದಲ್ಲಿ ಜಾಗ ಕೊಡು. ಹೊಲದ ಪಾಲಿನ ಮಾತನ್ನೂ ಕೊನೆಗಿಡು. ಮೊದಲೇ ಎತ್ತಿದರೆ ಆಸ್ತಿ ಕೇಳಲು ಬಂದಳೆಂದು ಎಲ್ಲರೂ ಬಾಯಿ ಮುಚ್ಚುತ್ತಾರೆ.

ಎರಡನೇ ಸಲ ಹೋದಾಗ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳು. ಹೊಸ ಪ್ರಶ್ನೆಗಿಂತ ತಿದ್ದುಪಡಿಯಲ್ಲೇ ಹೆಚ್ಚು ವಿಷಯ ಹೊರಬರುತ್ತದೆ. ಇಬ್ಬರು ಬೇರೆ ಬೇರೆ ಹೇಳಿದರೆ ತೀರ್ಪು ಕೊಡಬೇಡ. ಎರಡನ್ನೂ ಹೇಳಿದವರ ಹೆಸರು, ತಾರೀಖಿನೊಂದಿಗೆ ಬರೆ. ಮೊದಲ ದಿನದ ಧ್ವನಿಮುದ್ರಿಕೆಯನ್ನು ನನಗೂ ಕಳಿಸು, ತಿಳಿಯದ ಊರುಗಳ ಹೆಸರನ್ನು ಇಬ್ಬರೂ ಕೂತು ಬಿಡಿಸೋಣ.

ನಿನ್ನ ಅಮ್ಮ