ಗಿರಿಯ ಹುಲ್ಲುಗಾವಲು ಜೀಪು ಹತ್ತಿಸುವ ಮೈದಾನವೇ?

ಮಾನ್ಯ ಸಂಪಾದಕರೇ,

ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಳೆದ ಭಾನುವಾರ ಉಂಟಾದ ವಾಹನ ದಟ್ಟಣೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಮಂಗಳವಾರ ಬಂದ ವರದಿಯನ್ನು ಓದಿದೆ. ಪರಿಸ್ಥಿತಿ ಹತೋಟಿಯಲ್ಲಿತ್ತು ಎಂದು ಸಂಬಂಧಪಟ್ಟವರು ಹೇಳಿರುವುದನ್ನು ಕಂಡ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ಆ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಅದೇ ದಾರಿಯಲ್ಲಿದ್ದೆ. ಅಲ್ಲಿ ಯಾವುದೂ ಯಾರ ಹತೋಟಿಯಲ್ಲೂ ಇರಲಿಲ್ಲ.

ಬೇಸಿಗೆ ರಜೆ ಮುಗಿಯುವುದರೊಳಗೆ ಮೊಮ್ಮಗಳಿಗೆ ಗಿರಿಯ ಹಕ್ಕಿಗಳನ್ನು ತೋರಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಹಕ್ಕಿ ನೋಡುವವರಿಗೆ ಬೆಳಕು ಹರಿದ ಮೊದಲ ಎರಡು ಗಂಟೆಯೇ ಮುಖ್ಯವಾದ್ದರಿಂದ, ಕಡೂರಿನಿಂದ ಬೆಳಗಿನ ಜಾವ ಮೂರೂವರೆಗೇ ಬಾಡಿಗೆ ಕಾರಿನಲ್ಲಿ ಹೊರಟೆವು. ಗೇಟಿನ ಬಳಿ ಬರುವಷ್ಟರಲ್ಲಿ ವಾಹನಗಳ ಸಾಲು ಎರಡು ತಿರುವು ದಾಟಿತ್ತು. ಹೇಳಿದ ಹೊತ್ತಿಗಿಂತ ನಲವತ್ತು ನಿಮಿಷ ತಡವಾಗಿ ಗೇಟು ತೆರೆದರು. ನಮ್ಮ ಕಾರು ಮುಂದೆ ಬಂದಾಗ ನನ್ನ ಕೊರಳಿನಲ್ಲಿದ್ದ ಹಳೆಯ ದುರ್ಬೀನಿಗೆ ಬೇರೆ ಶುಲ್ಕ ಕೊಡಬೇಕೆಂದರು. ರಸೀದಿ ಕೇಳಿದ್ದಕ್ಕೆ ಪುಸ್ತಕ ಮುಗಿದಿದೆ ಎಂಬ ಉತ್ತರ ಬಂತು. ನಾನು ಚಿಲ್ಲರೆ ಎಣಿಸುತ್ತಿದ್ದ ಹೊತ್ತಿನಲ್ಲೇ, ಹಿಂದಿನ ಸೀಟಿನಲ್ಲಿ ಆಳೆತ್ತರದ ಧ್ವನಿವರ್ಧಕ ಇಟ್ಟುಕೊಂಡು ಕಾಡೆಲ್ಲ ನಡುಗುವಂತೆ ಹಾಡು ಹಾಕಿದ್ದ ಜೀಪೊಂದು ಪಕ್ಕದಿಂದ ನುಗ್ಗಿ ಹೋಯಿತು. ಅದನ್ನು ಯಾರೂ ತಡೆಯಲಿಲ್ಲ. ದುರ್ಬೀನಿನಿಂದ ಕಾಡಿಗಾಗುವ ಹಾನಿ ಏನು, ಧ್ವನಿವರ್ಧಕದಿಂದ ಆಗದ ಹಾನಿ ಏನು ಎಂಬುದನ್ನು ಆ ಗೇಟಿನವರು ನನಗೆ ತಿಳಿಸಿಕೊಡಬೇಕು.

ಆಮೇಲೆ ಎರಡೂಕಾಲು ಗಂಟೆ ಘಾಟಿಯ ತಿರುವುಗಳಲ್ಲಿ ಹೊಗೆ ಕುಡಿಯುತ್ತ ನಿಂತೆವು. ಮಂಡಿನೋವಿನ ನನ್ನ ಹೆಂಡತಿಗೆ ಕಾರಿನಿಂದ ಇಳಿದು ನಿಲ್ಲಲೂ ಜಾಗವಿರಲಿಲ್ಲ. ದಾರಿಯಲ್ಲಿದ್ದ ಒಂದೇ ಶೌಚಾಲಯಕ್ಕೆ ಬೀಗ ಹಾಕಿತ್ತು, ಬೀಗದ ಕೈ ಯಾರಲ್ಲಿದೆ ಎಂದು ಹೇಳುವವರೂ ಇರಲಿಲ್ಲ. ಸರಳೆ ಸಿಳ್ಳಾರದ ಹಾಡು ಕೇಳಿಸುತ್ತೇನೆಂದು ದಾರಿಯುದ್ದಕ್ಕೂ ಆಸೆ ಹುಟ್ಟಿಸಿದ್ದೆ. ಮೊದಲ ಮಳೆ ಬಿದ್ದ ಮೇಲೆ ಶೋಲಾದ, ಅಂದರೆ ಗಿರಿಯ ಕಣಿವೆಗಳಲ್ಲಿರುವ ಹಸಿರು ಕಾಡಿನ, ಹಳ್ಳದ ಬದಿಯಲ್ಲಿ ಕೂತು, ಮನುಷ್ಯರೇ ಶಿಳ್ಳೆ ಹಾಕುತ್ತಿರುವರೇನೋ ಎಂದು ತಿರುಗಿ ನೋಡುವಂತೆ ಹಾಡುವ ಹಕ್ಕಿ ಅದು. ಒಮ್ಮೆ ಆರಂಭದ ನಾಲ್ಕು ಸ್ವರ ಕೇಳಿಸಿತು. ಅಷ್ಟರಲ್ಲಿ ಮುಂದಿನ ಹತ್ತು ವಾಹನಗಳು ಒಟ್ಟಿಗೆ ಹಾರ್ನ್ ಒತ್ತಿದವು. ನೀಲಗಿರಿ ಕಾಡುಪಾರಿವಾಳ, ಕಪ್ಪು ಹದ್ದು ಎಂದು ಮಗು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದ ಪಟ್ಟಿಯಲ್ಲಿ ಒಂದಕ್ಕೂ ಗುರುತು ಬೀಳಲಿಲ್ಲ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೇನೋ. ಸೀತಾಳಯ್ಯನಗಿರಿಯ ಹತ್ತಿರ ಕಂಡದ್ದನ್ನು ಮಾತ್ರ ನುಂಗಿಕೊಳ್ಳಲು ಆಗುತ್ತಿಲ್ಲ. ಕಾರು ಕದಲುವುದಿಲ್ಲವೆಂದು ಇಳಿದು ನಿಂತಿದ್ದಾಗ, ಗುಬ್ಬಿಗಿಂತ ತುಸು ಉದ್ದನೆಯ ಕಂದು ಹಕ್ಕಿಯೊಂದು ಚಿಪ್ ಚಿಪ್ ಎಂದು ಒಂದೇ ಸಮನೆ ಕೂಗುತ್ತ, ಬಲವಿಲ್ಲದ ರೆಕ್ಕೆ ಬಡಿಯುತ್ತ ಹುಲ್ಲಿನ ಮೇಲೆಯೇ ಸುತ್ತುತ್ತಿರುವುದನ್ನು ಮೊಮ್ಮಗಳು ತೋರಿಸಿದಳು. ಅದು ಪಿಪಿಟ್ ಹಕ್ಕಿ. ಗೂಡಿನ ಹತ್ತಿರ ಯಾರಾದರೂ ಬಂದರೆ ಹೀಗೆ ಹಾರಾಡುತ್ತದೆ. ರಸ್ತೆಯ ಅಂಚಿನಲ್ಲೇ ನಿಂತು ದುರ್ಬೀನಿನಲ್ಲಿ ಹುಡುಕಿದೆವು. ಹುಲ್ಲಿನ ಬುಡದಲ್ಲಿ ಬೊಗಸೆಯಷ್ಟು ಗೂಡು, ಅದರಲ್ಲಿ ಕಂದು ಚುಕ್ಕೆಯ ಮೂರು ಮೊಟ್ಟೆಗಳು. ಮಗು ಉಸಿರು ಬಿಗಿಹಿಡಿದು ನೋಡುತ್ತಿತ್ತು. ಆಗ ನಮ್ಮ ಹಿಂದಿದ್ದ ಜೀಪು ಸಾಲು ಬಿಟ್ಟು ಹುಲ್ಲಿನ ಇಳಿಜಾರಿಗೇ ಹತ್ತಿತು. ನಾನು ಎರಡೂ ಕೈ ಎತ್ತಿ ಕೂಗಿದೆ. ಒಳಗಿದ್ದವರು ಮೊಬೈಲಿನಲ್ಲಿ ನನ್ನನ್ನೇ ಚಿತ್ರ ತೆಗೆದುಕೊಂಡು ನಗುತ್ತ ಮುಂದೆ ಹೋದರು. ಅವರು ಹೋದ ಮೇಲೆ ಅಲ್ಲಿ ಉಳಿದಿದ್ದು ಟೈರಿನ ಎರಡು ಪಟ್ಟೆಗಳು, ಮಣ್ಣಿಗೆ ಒತ್ತಿಕೊಂಡ ಹುಲ್ಲು, ಒಂದು ಎಸಳಿನ ತುದಿಗೆ ಅಂಟಿದ್ದ ಹಳದಿ ಲೋಳೆ. ಹಕ್ಕಿ ಮಾತ್ರ ಅಲ್ಲೇ ಸುತ್ತುತ್ತಿತ್ತು. ಅದು ಯಾಕೆ ಇನ್ನೂ ಕೂಗುತ್ತಿದೆ ಅಜ್ಜ ಎಂದು ಮಗು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕೆಣಕುವುದನ್ನೂ ಬೇಟೆ ಎಂಬ ಪದದ ವ್ಯಾಖ್ಯೆಯೊಳಗೇ ಸೇರಿಸಿದೆ. ಅಂದರೆ ನಾವು ಹಾಡುಹಗಲೇ ನೂರಾರು ಜನರ ನಡುವೆ ಬೇಟೆಯನ್ನು ಕಂಡೆವು. ಇಳಿಯುವಾಗ ಗೇಟಿನಲ್ಲಿ ಜೀಪಿನ ನಂಬರನ್ನು ಬರೆದುಕೊಟ್ಟರೆ, ಹುಲ್ಲಿನ ಮೇಲೆ ಗಾಡಿ ಹತ್ತಿಸಿದರೆ ಏನಾಯಿತು, ಮಳೆ ಬಂದರೆ ಮತ್ತೆ ಚಿಗುರುತ್ತದೆ ಎಂದರು. ದೂರು ಪುಸ್ತಕವನ್ನೂ ಕೊಡಲಿಲ್ಲ. ಫಲಕದಲ್ಲಿದ್ದ ದೂರವಾಣಿ ಸಂಖ್ಯೆಗೆ ಆರು ಸಲ ಕರೆ ಮಾಡಿದೆ, ಯಾರೂ ಎತ್ತಲಿಲ್ಲ.

ಇದು ಇಂದಿನ ರೋಗವಲ್ಲ. 2022ರಲ್ಲಿ ಗಿರಿಯ ಇಳಿಜಾರುಗಳಲ್ಲಿ ಕುರಿಂಜಿ ಅರಳಿದಾಗಲೂ ಜನ ಗಿಡಗಳ ಮೇಲೆಯೇ ಕೂತು ಫೋಟೊ ತೆಗೆಸಿಕೊಂಡರು, ಹೂವಿನ ಗೆಲ್ಲುಗಳನ್ನು ಮುರಿದು ಕಾರಿಗೆ ಸಿಕ್ಕಿಸಿಕೊಂಡು ಇಳಿದರು. ಆಗ ನಾನು ಬರೆದುಕೊಟ್ಟ ಮನವಿಗೆ ಸ್ವೀಕೃತಿ ಮುದ್ರೆ ಬಿತ್ತು, ಉತ್ತರ ಇಂದಿಗೂ ಬಂದಿಲ್ಲ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬಿದ್ದಾಗ ಹಸಿಸೊಪ್ಪಿನಿಂದ ಬಡಿದು ಆರಿಸುವುದು ದಿನಗೂಲಿಯ ಬಡ ಕಾವಲುಗಾರರು. ಅಧಿಕಾರಿಗಳು ಬರುವುದು ಬೆಂಕಿ ಆರಿದ ಮೇಲೆ. ಮಂತ್ರಿಗಳು ಬರುವ ದಿನ ಮಾತ್ರ ರಸ್ತೆ ಖಾಲಿಯಾಗುತ್ತದೆ, ಶೌಚಾಲಯದ ಬೀಗವೂ ತೆರೆಯುತ್ತದೆ. ಹುಲ್ಲುಗಾವಲು ಎಂದರೆ ಬಂಜರು ಎಂಬ ತಿಳಿವಳಿಕೆ ಕಚೇರಿಗಳಲ್ಲಿ ಇನ್ನೂ ಹೋಗಿಲ್ಲ. ಗಿರಿಯ ಹುಲ್ಲು ಹಿಡಿದಿಟ್ಟ ಮಳೆನೀರೇ ಶೋಲಾದ ಹಳ್ಳಗಳಲ್ಲಿ ಇಳಿದು, ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸಿ, ವೇದಾವತಿಯಾಗಿ ನಮ್ಮ ಕಡೂರಿನ ಪಕ್ಕದಲ್ಲಿ ಹರಿಯುತ್ತದೆ. ಜೀಪು ಹತ್ತಿಸಿದ ಪಟ್ಟೆ ಮೊದಲ ಮಳೆಗಾಲಕ್ಕೆ ಕೊರಕಲಾಗುತ್ತದೆ, ಎರಡನೆಯದಕ್ಕೆ ಗುಡ್ಡವೇ ಜಾರುತ್ತದೆ. ಚಿಗುರುತ್ತದೆ ಎಂದವರಿಗೆ ಇದು ಗೊತ್ತಿಲ್ಲವೆಂದರೆ ಅವರನ್ನು ಅಲ್ಲಿ ಕೂರಿಸಿದವರ ತಪ್ಪು.

ಗಿರಿಗೆ ಖಾಸಗಿ ವಾಹನಗಳನ್ನು ಬಿಡುವುದನ್ನೇ ನಿಲ್ಲಿಸಬೇಕು. ನಿಲ್ಲಿಸಲಾಗದಿದ್ದರೆ ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಾದರೂ ಬಿಗಿಯಾದ ಕ್ರಮ ಕೈಗೊಳ್ಳಬೇಕು. ರಸ್ತೆ ಬಿಟ್ಟು ಹುಲ್ಲಿಗೆ ಇಳಿದವರ ಮೇಲೆ ಮೊಕದ್ದಮೆ ಹೂಡಬೇಕು, ಇಳಿಯಲು ಬಿಟ್ಟವರ ಮೇಲೂ ಹೂಡಬೇಕು. ಜನರಿಂದ ಹಣ ವಸೂಲಿ ಮಾಡಲು ಇರುವ ಉತ್ಸಾಹದಲ್ಲಿ ಕಾಲುಭಾಗವನ್ನಾದರೂ ಕಾಯುವ ಕೆಲಸಕ್ಕೆ ತೋರಿಸಲು ಇವರಿಗೆ ಏನು ಅಡ್ಡಿ? ಪರಿಸ್ಥಿತಿ ಹತೋಟಿಯಲ್ಲಿತ್ತು ಎಂದು ಹೇಳಿಕೆ ಕೊಟ್ಟವರು ಮಳೆ ಹಿಡಿಯುವ ಮೊದಲು ಒಮ್ಮೆ ಕುರ್ಚಿಯಿಂದ ಎದ್ದು, ಸೀತಾಳಯ್ಯನಗಿರಿಯ ಹತ್ತಿರ ಕಾರು ನಿಲ್ಲಿಸಿ, ಆ ಎರಡು ಪಟ್ಟೆಗಳ ಜೊತೆಗೇ ನಡೆದು ನೋಡಲಿ.

ಇತಿ,
ನೊಂದ ಓದುಗ, ಕಡೂರು